ಚಿಪ್ಪಿನಿಂದ ಹೈಡ್ರಾಕ್ಸಿಅಪಟೈಟ್: ಎಲ್ಲಿ ಕೆಟ್ಟಿತು ಅಂತ ಪತ್ತೆ ಹಚ್ಚುವುದು ಹೇಗೆ?

ಸಮುದ್ರದ ಚಿಪ್ಪನ್ನು ಸುಟ್ಟು ಸುಣ್ಣ ಮಾಡಬೇಕು. ಆ ಸುಣ್ಣವನ್ನು ನೀರಲ್ಲಿ ಅರಳಿಸಿ, ಫಾಸ್ಫಾರಿಕ್ ಆಮ್ಲವನ್ನು ಹನಿ ಹನಿಯಾಗಿ ಬಿಡಬೇಕು. ನಮ್ಮ ಮೂಳೆಯ ಖನಿಜವನ್ನೇ ಹೋಲುವ ಹೈಡ್ರಾಕ್ಸಿಅಪಟೈಟ್ ಸಿಗುತ್ತದೆ. ಓದುವಾಗ ಇದು ಮೂರೇ ಸಾಲಿನ ಕೆಲಸ. ಮಾಡಲು ಕೂತರೆ ಪುಡಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಪಿಎಚ್ ಮಾತು ಕೇಳುವುದಿಲ್ಲ, ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಕಾಯಿಸಿ ಮಾಡಿದ, ಚೆನ್ನಾಗಿ ಬಂದ ಬಿಲ್ಲೆ ವಾರ ಕಳೆಯುವುದರೊಳಗೆ ಪುಡಿಪುಡಿಯಾಗುತ್ತದೆ.

ಈ ಕೆಲಸದಲ್ಲಿ ನನಗೆ ಮತ್ತೆ ಮತ್ತೆ ಕಂಡ ಸಂಗತಿ ಒಂದಿದೆ. ಕೊನೆಯ ಹಂತದಲ್ಲಿ ಕಣ್ಣಿಗೆ ಬೀಳುವ ದೋಷಗಳಲ್ಲಿ ಹೆಚ್ಚಿನವು ಹುಟ್ಟುವುದು ಸುಣ್ಣದ ಹಂತದಲ್ಲಿ. ಅಲ್ಲಿ ತಕ್ಕಡಿಯನ್ನು ಸರಿಯಾಗಿ ಬಳಸಿದರೆ ದುಬಾರಿ ಯಂತ್ರದ ಪರೀಕ್ಷೆಗಳ ಖರ್ಚು ಎಷ್ಟೋ ಉಳಿಯುತ್ತದೆ. ಹಾಗಾಗಿ ಕೆಳಗೆ ಪ್ರತಿ ಲಕ್ಷಣಕ್ಕೂ ಮೊದಲು ಕಣ್ಣು, ಆಮೇಲೆ ತಕ್ಕಡಿ, ಆಮೇಲೆ ಯಂತ್ರ ಅನ್ನುವ ಕ್ರಮ ಹಿಡಿದಿದ್ದೇನೆ.

ಕೈ ಹಾಕುವ ಮುಂಚೆ

ಸುಟ್ಟ ಸುಣ್ಣ ನೀರು ಕಂಡರೆ ಕುದಿಯುತ್ತದೆ. ಯಾವಾಗಲೂ ಜಾಸ್ತಿ ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಸುಣ್ಣದ ರಾಶಿಯ ಮೇಲೆ ನೀರು ಸುರಿಯಬೇಡಿ, ಬಿಸಿ ಸುಣ್ಣ ಮುಖಕ್ಕೇ ಸಿಡಿಯುತ್ತದೆ. ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಕೈಗೆ ಗ್ಲೌಸ್, ಪುಡಿ ಮಾಡುವಾಗ ದೂಳು ತಡೆಯುವ ಮಾಸ್ಕ್ ಬೇಕೇ ಬೇಕು. ಕಣ್ಣಿಗೆ ಸುಣ್ಣ ಬಿದ್ದರೆ ಉಜ್ಜಬೇಡಿ. ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು, ನೋವು ಕಡಿಮೆ ಅನ್ನಿಸಿದರೂ ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಸುಣ್ಣ ಕಣ್ಣಿನ ಒಳಪದರಕ್ಕೆ ಇಳಿಯುತ್ತಾ ಹೋಗುತ್ತದೆ, ಅದಕ್ಕೇ ಈ ಅವಸರ.

ಫರ್ನೇಸ್ ಇರುವ ಕೋಣೆಗೆ ಗಾಳಿ ಬರಬೇಕು. 1 ಕಿಲೋ ಚಿಪ್ಪು ಪೂರ್ತಿ ಸುಟ್ಟರೆ ಸುಮಾರು 440 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಕೋಣೆಯ ಉಷ್ಣತೆಯಲ್ಲಿ ಅದು 240 ಲೀಟರಿನಷ್ಟು ಅನಿಲ. ಚಿಪ್ಪನ್ನು ಬ್ಲೀಚಿನಲ್ಲಿ ತೊಳೆದಿದ್ದರೆ, ಅದು ಪೂರ್ತಿ ಹೋಗುವ ತನಕ ಯಾವ ಆಮ್ಲವನ್ನೂ ಹತ್ತಿರ ತರಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಲಕ್ಷಣ: ಸುಟ್ಟ ಮೇಲೂ ಬೂದಿ ಬಣ್ಣ, ಅಲ್ಲಲ್ಲಿ ಕಪ್ಪು

ಚಿಪ್ಪಿನಲ್ಲಿ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, 95ರಿಂದ 99 ಶೇಕಡಾದಷ್ಟು. ಉಳಿದ ಅಲ್ಪ ಭಾಗ ಪದರಗಳನ್ನು ಹಿಡಿದಿಟ್ಟಿರುವ ಪ್ರೋಟೀನು. ಆ ಪ್ರೋಟೀನು ಸುಟ್ಟು ಇದ್ದಿಲಾಗಿ, ಇದ್ದಿಲು ಉರಿದು ಹೋಗಲು ಆಮ್ಲಜನಕ ಸಾಲದಿದ್ದಾಗ ಈ ಬಣ್ಣ ಉಳಿಯುತ್ತದೆ.

ಮೊದಲು ಒಂದು ತುಂಡನ್ನು ಮುರಿದು ನೋಡಿ. ಹೊರಗೆ ಬಿಳಿ, ಒಳಗೆ ಕಪ್ಪು ಇದ್ದರೆ ತುಂಡುಗಳು ದಪ್ಪವಾಗಿವೆ ಅಥವಾ ಮೂಸೆಯಲ್ಲಿ ಒತ್ತಿ ತುಂಬಿದ್ದೀರಿ. 1–2 ಮಿಲಿಮೀಟರಿಗೆ ಕುಟ್ಟಿ, ತೆಳುವಾಗಿ ಹರಡಿ, ಮುಚ್ಚಳ ತೆಗೆದು ಮತ್ತೆ ಸುಡಿ. ಎಲ್ಲ ಕಡೆ ಒಂದೇ ಸಮ ಬೂದಿ ಬಣ್ಣ ಇದ್ದರೆ ಫರ್ನೇಸಿನ ಗಾಳಿಯ ಕಿಂಡಿ ಮುಚ್ಚಿದೆಯಾ ನೋಡಿ. ಬಿಸಿ ತುಂಬಾ ಬೇಗ ಏರಿಸಿದರೂ ಹೀಗೇ ಆಗುತ್ತದೆ. 500 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಂದೆರಡು ಗಂಟೆ ನಿಲ್ಲಿಸಿ ಪ್ರೋಟೀನು ಪೂರ್ತಿ ಉರಿಯಲು ಬಿಟ್ಟು, ಆಮೇಲೆ ಮೇಲಕ್ಕೆ ಹೋಗುವುದು ಒಳ್ಳೆಯ ರೂಢಿ.

ಮತ್ತೆ ಸುಟ್ಟರೂ ಬಣ್ಣ ಹೋಗದಿದ್ದರೆ ಅದು ಇದ್ದಿಲಲ್ಲ. ಚಿಪ್ಪಿಗೆ ಅಂಟಿದ ಮರಳು, ಮಣ್ಣು ಅಥವಾ ಕಬ್ಬಿಣದ ಕಲೆ ಇರಬೇಕು. ಆ ರಾಶಿಯನ್ನು ಬದಿಗಿಟ್ಟು, ಹೊಸ ಚಿಪ್ಪನ್ನು ಬ್ರಷ್ ಹಾಕಿ ಉಜ್ಜಿ ತೊಳೆದು ಶುರು ಮಾಡುವುದೇ ಅಗ್ಗ.

ಕಾಯುವಾಗ ಚಟಪಟ ಸದ್ದು ಬಂದು ಚೂರುಗಳು ಫರ್ನೇಸಿನೊಳಗೆ ಹಾರುತ್ತಿದ್ದರೆ ಚಿಪ್ಪಿನಲ್ಲಿ ನೀರು ಉಳಿದಿದೆ ಅಂತ ಅರ್ಥ. 110 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿದರೆ ನಿಲ್ಲುತ್ತದೆ.

ಲಕ್ಷಣ: ಬೆಳ್ಳಗಂತೂ ಆಗಿದೆ, ತೂಕ ಮಾತ್ರ ಸಾಕಷ್ಟು ಇಳಿದಿಲ್ಲ

ಬಿಳಿ ಬಣ್ಣ ನೋಡಿ ಸುಣ್ಣ ಆಯಿತು ಅಂದುಕೊಳ್ಳುವುದು ಸುಲಭ. ಪ್ರೋಟೀನು ಉರಿದು ಹೋದ ಕಾರ್ಬೊನೇಟೂ ಬೆಳ್ಳಗೇ ಇರುತ್ತದೆ, ಅಲ್ವಾ? ಬಣ್ಣ ಇಲ್ಲಿ ಸಾಕ್ಷಿ ಆಗುವುದಿಲ್ಲ.

ಲೆಕ್ಕ ಸರಳ. 100 ಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಸುಟ್ಟರೆ 44 ಗ್ರಾಂ ಅನಿಲವಾಗಿ ಹೋಗಿ 56 ಗ್ರಾಂ ಸುಣ್ಣ ಉಳಿಯುತ್ತದೆ. ಚಿಪ್ಪಿನಲ್ಲಿ ಪ್ರೋಟೀನೂ ಇರುವುದರಿಂದ ಇಳಿಕೆ 44ಕ್ಕಿಂತ ತುಸು ಜಾಸ್ತಿಯೇ ಬರಬೇಕು. 2 ಶೇಕಡಾ ಪ್ರೋಟೀನು ಇರುವ ಒಣ ಚಿಪ್ಪಾದರೆ ಸುಮಾರು 45. ನಿಮಗೆ 44ಕ್ಕಿಂತ ಕಡಿಮೆ ಬಂದಿದ್ದರೆ, ಒಂದೋ ಕಾರ್ಬೊನೇಟ್ ಒಳಗೇ ಕೂತಿದೆ, ಇಲ್ಲವೇ ಚಿಪ್ಪಿನ ಜೊತೆ ಮರಳೂ ತೂಕಕ್ಕೆ ಬಂದಿದೆ.

ಯಾವುದು ಅಂತ ತಿಳಿಯಲು ಒಂದು ಚಿಟಿಕೆ ಪುಡಿಯನ್ನು ಸಾಕಷ್ಟು ನೀರಿಗೆ ಹಾಕಿ. ಅದು ಅರಳಿ ತಣ್ಣಗಾದ ಮೇಲೆ ಸಾರ ಕಡಿಮೆ ಮಾಡಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿ ಹನಿಯಾಗಿ ಬಿಡಿ. ಸುಣ್ಣ ಸುಮ್ನೆ ಕರಗುತ್ತದೆ. ಗುಳ್ಳೆ ಎದ್ದರೆ ಕಾರ್ಬೊನೇಟ್ ಇದೆ. ಗುಳ್ಳೆ ಏಳದೆ ತಳದಲ್ಲಿ ಕಣ ಉಳಿದರೆ ಅದು ಮರಳು. ಒಣ ಸುಣ್ಣದ ಮೇಲೆ ನೇರ ಆಮ್ಲ ಹಾಕಬೇಡಿ, ಸಿಡಿಯುತ್ತದೆ.

ಕಾರ್ಬೊನೇಟ್ ಯಾಕೆ ಉಳಿಯಿತು? ಫರ್ನೇಸ್ 900 ತೋರಿಸಿತ್ತಲ್ಲ, ಅನ್ನಬಹುದು. ಇಲ್ಲಿ ತಿಳಿದಿರಬೇಕಾದ ಒಂದು ವಿಷಯ ಇದೆ. ಕಾರ್ಬೊನೇಟ್ ಒಡೆಯುವ ಬಿಸಿ ಸುತ್ತಲಿನ ಗಾಳಿಯ ಮೇಲೆ ನಿಂತಿದೆ. ಹೊರಬಂದ ಕಾರ್ಬನ್ ಡೈಆಕ್ಸೈಡ್ ಹೊರಟು ಹೋಗುತ್ತಿದ್ದರೆ 700–850 ಡಿಗ್ರಿಯಲ್ಲೇ ಕೆಲಸ ಚುರುಕಾಗಿ ಸಾಗುತ್ತದೆ. ಅದೇ ಅನಿಲ ಮೂಸೆಯ ಸುತ್ತ ತುಂಬಿ ನಿಂತರೆ ಸುಮಾರು 900 ಡಿಗ್ರಿ ತಲುಪುವ ತನಕ ಕಾರ್ಬೊನೇಟ್ ಜಗ್ಗುವುದಿಲ್ಲ. ಅಂದರೆ ಗಾಳಿಯ ಕಿಂಡಿ ಮುಚ್ಚಿದ ಫರ್ನೇಸಿನಲ್ಲಿ, ಮುಚ್ಚಳ ಹಾಕಿದ ಮೂಸೆಯಲ್ಲಿ, 850 ಡಿಗ್ರಿ ಇಟ್ಟು ಎಷ್ಟು ಕಾದರೂ ಪೂರ್ತಿ ಸುಣ್ಣ ಸಿಗುವುದು ಕಷ್ಟ. ಕಿಂಡಿ ತೆರೆಯಿರಿ, ಮುಚ್ಚಳ ತೆಗೆಯಿರಿ, 900–1000 ಡಿಗ್ರಿಯಲ್ಲಿ 2–3 ಗಂಟೆ ಕೊಡಿ. ತಣಿಸಿ ತೂಗಿ. ಇನ್ನೊಂದು ಗಂಟೆ ಸುಟ್ಟು ಮತ್ತೆ ತೂಗಿ. ಎರಡು ಸಲವೂ ಒಂದೇ ತೂಕ ಬಂದರೆ ಸುಣ್ಣ ಆಗಿದೆ. ಗಡಿಯಾರ ನೋಡಿ ನಿಲ್ಲಿಸಬೇಡಿ, ತೂಕ ನೋಡಿ ನಿಲ್ಲಿಸಿ.

ಇಷ್ಟಾದರೂ ತೂಕ ಇಳಿಯುತ್ತಲೇ ಇದ್ದರೆ ಫರ್ನೇಸಿನ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಮೇಲೆ ಅನುಮಾನ ಪಡಬೇಕು. ಇನ್ನೊಂದು ಥರ್ಮೋಕಪಲ್ ಒಳಗಿಟ್ಟು ಹೋಲಿಸಿ. ಫರ್ನೇಸಿನ ವೈರಿಂಗ್ ಬಿಚ್ಚುವ ಕೆಲಸ ಮಾತ್ರ ನಿಮ್ಮದಲ್ಲ, ಗೊತ್ತಿರುವ ಟೆಕ್ನೀಷಿಯನ್ ಕರೆಸಿ.

ಮೂಸೆ ಅಲ್ಯುಮಿನಾದ್ದೇ ಇರಲಿ. ಬಿಸಿ ಸುಣ್ಣ ಸಿಲಿಕಾ ಇರುವ ಮೂಸೆಯನ್ನು ತಿನ್ನುತ್ತದೆ, ತಿಂದದ್ದು ನಿಮ್ಮ ಪುಡಿಗೆ ಸೇರುತ್ತದೆ.

ಲಕ್ಷಣ: ನೀರಿಗೆ ಹಾಕಿದರೆ ಬಿಸಿಯೇ ಏರುತ್ತಿಲ್ಲ

10 ಗ್ರಾಂ ಒಳ್ಳೆಯ ಸುಣ್ಣವನ್ನು 100 ಮಿಲಿಲೀಟರ್ ನೀರಿಗೆ ಹಾಕಿದರೆ, ಹೊರಬರುವ ಶಾಖದ ಲೆಕ್ಕದ ಪ್ರಕಾರ ನೀರು ಸುಮಾರು 25 ಡಿಗ್ರಿ ಬಿಸಿಯಾಗಬೇಕು. ಬೀಕರಿನಿಂದ ಹೊರಗೆ ಹೋಗುವ ಶಾಖ ಕಳೆದರೂ ಏರಿಕೆ ಎದ್ದು ಕಾಣುತ್ತದೆ. ಒಂದು ಥರ್ಮಾಮೀಟರ್ ಇದ್ದರೆ ಸಾಕು, ಎರಡು ನಿಮಿಷದ ಪರೀಕ್ಷೆ.

ಏರಿಕೆ ಕಡಿಮೆ ಇದ್ದರೆ ಎರಡು ಕಾರಣ ಇರಬಹುದು. ಒಂದು, ಸುಣ್ಣ ಹಳೆಯದಾಗಿದೆ. ಡಬ್ಬಿಯೊಳಗೇ ತೇವ ಹೀರಿ ಅರಳಿದೆ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಹಿಡಿದು ಸ್ವಲ್ಪ ಭಾಗ ಮತ್ತೆ ಕಾರ್ಬೊನೇಟ್ ಆಗಿದೆ. ಇನ್ನೊಂದು, ಸುಣ್ಣ ಅತಿಯಾಗಿ ಸುಟ್ಟಿದೆ. 1100 ಡಿಗ್ರಿ ದಾಟಿ ತುಂಬಾ ಹೊತ್ತು ಇಟ್ಟರೆ ಕಣಗಳು ಬೆಸೆದುಕೊಂಡು ಗಟ್ಟಿಯಾಗುತ್ತವೆ, ನೀರು ಒಳಗೆ ಇಳಿಯುವುದು ನಿಧಾನವಾಗುತ್ತದೆ.

ಎರಡನ್ನೂ ಬೇರ್ಪಡಿಸುವುದು ತಕ್ಕಡಿ. 2 ಗ್ರಾಂ ಸುಣ್ಣವನ್ನು 1000 ಡಿಗ್ರಿಯಲ್ಲಿ ಒಂದು ಗಂಟೆ ಸುಟ್ಟು, ತೇವ ತಾಗದಂತೆ ಇಡುವ ಡೆಸಿಕೇಟರಿನಲ್ಲಿ ತಣಿಸಿ ತೂಗಿ. ತೂಕ ಇಳಿದರೆ ಸುಣ್ಣ ಹಳೆಯದು. ಇಳಿಯದಿದ್ದರೆ ಅತಿಯಾಗಿ ಸುಟ್ಟದ್ದು. ಹಳೆಯದನ್ನು ಮತ್ತೆ ಸುಟ್ಟರೆ ಸರಿಹೋಗುತ್ತದೆ. ಅತಿಯಾಗಿ ಸುಟ್ಟದ್ದನ್ನು ನುಣ್ಣಗೆ ಅರೆದು, ಬಿಸಿ ನೀರಿನಲ್ಲಿ ರಾತ್ರಿಯಿಡೀ ಕಲಕಿದರೆ ಬಳಸಬಹುದು. ಆದರೂ ಕೈಲಿ ಬೇರೆ ಚಿಪ್ಪಿದ್ದರೆ ಹೊಸದಾಗಿ ಸುಡುವುದನ್ನೇ ನಾನು ಆರಿಸುತ್ತೇನೆ.

ಲಕ್ಷಣ: ಪಿಎಚ್ ಹಿಡಿತಕ್ಕೆ ಸಿಗುತ್ತಿಲ್ಲ

ಆಮ್ಲ ಶುರು ಮಾಡುವ ಮುಂಚೆ ಮೀಟರನ್ನೇ ಪರೀಕ್ಷಿಸಿ. ಇದಕ್ಕೆ ನಿಮ್ಮ ಸುಣ್ಣದ ನೀರೇ ಸಾಕು. ತಳದಲ್ಲಿ ಸುಣ್ಣ ಉಳಿದಿರುವಷ್ಟು ಗಟ್ಟಿ ಸುಣ್ಣದ ನೀರಿನ ಪಿಎಚ್ 25 ಡಿಗ್ರಿಯಲ್ಲಿ ಸುಮಾರು 12.4. ಇದಕ್ಕಿಂತ ತುಂಬಾ ಬೇರೆ ತೋರಿಸಿದರೆ ಎಲೆಕ್ಟ್ರೋಡ್ ಕೆಟ್ಟಿದೆ ಅಥವಾ ಅಳತೆ ಸರಿಹೊಂದಿಸಿಲ್ಲ. ಒಂದು ಎಚ್ಚರ: ಅದೇ ನೀರು 60 ಡಿಗ್ರಿಯಲ್ಲಿ ಸುಮಾರು 11.4 ತೋರಿಸುತ್ತದೆ. ಅದು ದೋಷ ಅಲ್ಲ, ಬಿಸಿಯ ಸಹಜ ಪರಿಣಾಮ. ಬಿಸಿ ದ್ರಾವಣದ ಅಂಕಿಯನ್ನು ತಣ್ಣನೆಯದರ ಜೊತೆ ಹೋಲಿಸಿ ಗಾಬರಿಯಾಗಬೇಡಿ.

ಹನಿ ಬಿದ್ದಾಗ ಪಿಎಚ್ ಥಟ್ಟನೆ ಕುಸಿದು, ನಿಮಿಷ ಬಿಟ್ಟು ಮೇಲೇರುತ್ತಿದೆಯಾ? ಸುಣ್ಣ ಕರಗುವ ವೇಗಕ್ಕಿಂತ ನೀವು ಆಮ್ಲ ಬಿಡುವ ವೇಗ ಜಾಸ್ತಿ. ಹನಿ ನಿಧಾನ ಮಾಡಿ, ಕಲಕುವುದನ್ನು ಜೋರು ಮಾಡಿ, ಆಮ್ಲದ ಸಾರ ಕಡಿಮೆ ಮಾಡಿ. ಇದನ್ನು ಅಲಕ್ಷಿಸಿದರೆ ಹನಿ ಬಿದ್ದ ಜಾಗದಲ್ಲಿ ಕ್ಷಣಕಾಲ ಆಮ್ಲೀಯವಾಗಿ, ಅಪಟೈಟಿನ ಬದಲು ಬ್ರಶೈಟ್ ಎಂಬ ಬೇರೆ ಫಾಸ್ಫೇಟ್ ಹುಟ್ಟಬಹುದು.

ಪಿಎಚ್ 9ಕ್ಕಿಂತ ಕೆಳಗೆ ಇಳಿದು ಅಲ್ಲೇ ನಿಂತರೆ ಅಮೋನಿಯಾ ದ್ರಾವಣ ಸೇರಿಸಿ ಮೇಲೆ ತನ್ನಿ. ಕಾಸ್ಟಿಕ್ ಸೋಡಾದಿಂದಲೂ ಏರುತ್ತದೆ, ಆದರೆ ಅದರ ಸೋಡಿಯಂ ಪುಡಿಯಲ್ಲಿ ಉಳಿಯುತ್ತದೆ. ಅಮೋನಿಯಾ ಕಾಯಿಸುವಾಗ ಹಾರಿ ಹೋಗುತ್ತದೆ. ಅದರ ಘಾಟು ಕಣ್ಣು ಗಂಟಲಿಗೆ ಕೆಟ್ಟದು, ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ಈ ಕೆಲಸ ಮಾಡಿ. ಆದರೆ ಒಂದು ಮಾತು ನೆನಪಿರಲಿ. ಅಮೋನಿಯಾ ಪಿಎಚ್ ಸರಿ ಮಾಡುತ್ತದೆ, ಕಡಿಮೆ ಬಿದ್ದ ಕ್ಯಾಲ್ಸಿಯಂ ತಂದು ಕೊಡುವುದಿಲ್ಲ.

ಆಮ್ಲವೆಲ್ಲ ಮುಗಿದು, ರಾತ್ರಿಯಿಡೀ ಕಲಕಿದ ಮೇಲೂ ಪಿಎಚ್ 12ರ ಹತ್ತಿರವೇ ಇದೆಯಾ? ಕರಗದ ಸುಣ್ಣ ಉಳಿದಿದೆ. ಸುಣ್ಣದ ಕಣದ ಸುತ್ತ ಅಪಟೈಟ್ ಪದರ ಕಟ್ಟಿಕೊಂಡು ಒಳಗಿನದು ಸಿಕ್ಕಿಹಾಕಿಕೊಂಡಿರುತ್ತದೆ. 80–90 ಡಿಗ್ರಿಯಲ್ಲಿ ಇನ್ನೊಂದು ದಿನ ಕಲಕಿ ನೋಡಿ. ಇಳಿಯದಿದ್ದರೆ ಆಮ್ಲವೇ ಕಡಿಮೆ ಬಿದ್ದಿದೆ. ಫಾಸ್ಫಾರಿಕ್ ಆಮ್ಲ ತೆರೆದಿಟ್ಟರೆ ತೇವ ಹೀರುತ್ತದೆ, ಬಾಟಲಿ ಮೇಲೆ ಬರೆದ 85 ಶೇಕಡಾ ಈಗ 85 ಇರಲಿಕ್ಕಿಲ್ಲ.

ಲಕ್ಷಣ: ಸೋಸಲು ಆಗುತ್ತಿಲ್ಲ, ಒಣಗಿದರೆ ಕಲ್ಲು

ಕಣಗಳು ತುಂಬಾ ನುಣ್ಣಗಿವೆ, ಅಷ್ಟೇ. ಕೆಟ್ಟಿಲ್ಲ. ಒಂದು ದಿನ ಬಿಸಿಯಲ್ಲಿ ಬಿಟ್ಟರೆ ಕಣ ಬೆಳೆದು ತಳಕ್ಕಿಳಿಯುತ್ತವೆ. ತೊಳೆಯುತ್ತಾ ಹೋದಂತೆ ಸೋಸಿದ ನೀರು ಹಾಲಿನಂತಾದರೆ ಪುಡಿ ಕಾಗದ ದಾಟುತ್ತಿದೆ, ಸೆಂಟ್ರಿಫ್ಯೂಜ್ ಬಳಸಿ. ಗಟ್ಟಿ ಹೆಂಟೆ ಕಟ್ಟುವುದನ್ನು ತಪ್ಪಿಸಲು ಕೊನೆಯ ತೊಳೆತಕ್ಕೆ ಎಥನಾಲ್ ಹಾಕಿ. ಎಥನಾಲ್ ಇರುವ ಪುಡಿಯನ್ನು ನೇರ ಬಿಸಿ ಒಲೆಗೆ ತಳ್ಳಬೇಡಿ, ಅದರ ಆವಿಗೆ ಬೆಂಕಿ ಹತ್ತುತ್ತದೆ. ಮೊದಲು ಗಾಳಿಯಲ್ಲಿ ಆರಲು ಬಿಡಿ.

ಲಕ್ಷಣ: ಎಕ್ಸ್‌ಆರ್‌ಡಿಯಲ್ಲಿ ಬೇಡದ ಪೀಕ್

ಎಕ್ಸ್‌ಆರ್‌ಡಿ ಅಂದರೆ ಎಕ್ಸ್-ಕಿರಣ ಬಿಟ್ಟು ಪುಡಿಯಲ್ಲಿ ಯಾವ ಹರಳುಗಳಿವೆ ಅಂತ ತಿಳಿಯುವ ಪರೀಕ್ಷೆ. ಅದರ ಚಿತ್ರದಲ್ಲಿ ಪ್ರತಿ ಹರಳೂ ತನ್ನದೇ ಕೋನಗಳಲ್ಲಿ ಪೀಕ್, ಅಂದರೆ ಏರು, ತೋರಿಸುತ್ತದೆ. ಒಣಗಿಸಿದ ಪುಡಿಯ ಪೀಕ್‌ಗಳು ಅಗಲವಾಗಿ, ಒಂದರೊಳಗೊಂದು ಸೇರಿಕೊಂಡಿದ್ದರೆ ಚಿಂತೆ ಬೇಡ. ಸಣ್ಣ ಹರಳುಗಳ ಗುರುತು ಅದು. ಕಾಯಿಸಿದಾಗ ಹರಳು ಬೆಳೆದು ಪೀಕ್ ಚೂಪಾಗುತ್ತದೆ.

ಇಲ್ಲೊಂದು ಮೋಸ ಇದೆ, ಸ್ವಲ್ಪ ನಿಂತು ಓದಿ. ಕ್ಯಾಲ್ಸಿಯಂ ಕಡಿಮೆ ಇರುವ ಅಪಟೈಟಿನ ಚಿತ್ರ, ಸರಿಯಾದ ಅಪಟೈಟಿನ ಚಿತ್ರದ ಹಾಗೇ ಕಾಣುತ್ತದೆ. ಕಾಯಿಸದ ಪುಡಿಯ ಎಕ್ಸ್‌ಆರ್‌ಡಿ ನೋಡಿ ಗೆದ್ದೆವು ಅನ್ನಬೇಡಿ. ಅದನ್ನು 1000 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ ಆಮೇಲೆ ನೋಡಿ. ಕ್ಯಾಲ್ಸಿಯಂ ಕಡಿಮೆ ಇದ್ದರೆ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಅಂದರೆ ಬೀಟಾ-ಟಿಸಿಪಿ, ಹೊರಗೆ ಬರುತ್ತದೆ. ಜಾಸ್ತಿ ಇದ್ದರೆ ಸುಣ್ಣ ಹೊರಗೆ ಬರುತ್ತದೆ. ಎರಡೂ ಕಾಣದಿದ್ದರೆ ಕ್ಯಾಲ್ಸಿಯಂ ಮತ್ತು ರಂಜಕದ (ಫಾಸ್ಫರಸ್) ಅನುಪಾತ ಸರಿ ಇದೆ.

ತಾಮ್ರದ ಟ್ಯೂಬ್ ಇರುವ ಯಂತ್ರದಲ್ಲಿ ಎರಡು ಥೀಟಾ ಕೋನದ (ಕಿರಣ ಬಾಗಿದ ಕೋನ) ಮೇಲೆ ಹುಡುಕಬೇಕಾದ ಜಾಗಗಳು ಇವು. ಹೈಡ್ರಾಕ್ಸಿಅಪಟೈಟಿನ ಮುಖ್ಯ ಪೀಕ್ 31.8 ಡಿಗ್ರಿ, ಪಕ್ಕದಲ್ಲೇ 32.2 ಮತ್ತು 32.9. ಬೀಟಾ-ಟಿಸಿಪಿ 31.0ರಲ್ಲಿ. ಸುಟ್ಟ ಸುಣ್ಣ 37.4ರಲ್ಲಿ. ಅರಳಿದ ಸುಣ್ಣ 18.0 ಮತ್ತು 34.1ರಲ್ಲಿ. ಇನ್ನು ಚಿಪ್ಪಿನ ಕಾರ್ಬೊನೇಟಿನ ಎರಡು ಹರಳು ರೂಪಗಳು: ಕ್ಯಾಲ್ಸೈಟ್ 29.4ರಲ್ಲಿ. ಅರಗೊನೈಟ್ 26.2ರಲ್ಲಿ, ಆದರೆ ಅಪಟೈಟಿಗೂ 25.9ರಲ್ಲಿ ಪೀಕ್ ಇದೆ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.

*31.0ರಲ್ಲಿ ಪೀಕ್, ಅಂದರೆ ಬೀಟಾ-ಟಿಸಿಪಿ.* ಹೈಡ್ರಾಕ್ಸಿಅಪಟೈಟಿನಲ್ಲಿ ಕ್ಯಾಲ್ಸಿಯಂ-ರಂಜಕ ಅನುಪಾತ 1.67. ಬೀಟಾ-ಟಿಸಿಪಿಯಲ್ಲಿ 1.50. ನಡುವೆ ಇರುವ ಅಂತರ ತುಂಬಾ ಕಡಿಮೆ. ಎಷ್ಟು ಕಡಿಮೆ ಅಂತ ಲೆಕ್ಕ ಹಾಕೋಣ. 10 ಗ್ರಾಂ ಶುದ್ಧ ಸುಣ್ಣಕ್ಕೆ 85 ಶೇಕಡಾದ ಫಾಸ್ಫಾರಿಕ್ ಆಮ್ಲ ಸುಮಾರು 12.3 ಗ್ರಾಂ ಬೇಕು. ನೀವು ತೂಗಿದ 10 ಗ್ರಾಂ ಸುಣ್ಣದಲ್ಲಿ 1 ಗ್ರಾಂ ಸುಡದ ಕಾರ್ಬೊನೇಟ್ ಇತ್ತು ಅಂದುಕೊಳ್ಳಿ. ಅದರ ಕ್ಯಾಲ್ಸಿಯಂ ಎಲ್ಲ ಅಪಟೈಟಿಗೆ ಸೇರಿತು ಅಂದರೂ ಅನುಪಾತ 1.60ಕ್ಕೆ ಇಳಿಯುತ್ತದೆ, ಕಾಯಿಸಿದ ಮೇಲೆ ತೂಕದಲ್ಲಿ ಸುಮಾರು 40 ಶೇಕಡಾ ಬೀಟಾ-ಟಿಸಿಪಿ. ಇನ್ನು ಆ 1 ಗ್ರಾಂ ಡಬ್ಬಿಯಲ್ಲಿ ಹೀರಿದ ತೇವವಾಗಿದ್ದರೆ? ಅನುಪಾತ ನೇರ 1.50. ಇಡೀ ಪುಡಿ ಬೀಟಾ-ಟಿಸಿಪಿ ಆಗುವ ಲೆಕ್ಕ. ಹತ್ತರಲ್ಲಿ ಒಂದು ಪಾಲು ತೇವ ಇಡೀ ವಸ್ತುವನ್ನೇ ಬದಲಾಯಿಸುತ್ತದೆ! ಮೇಲೆ ಹೇಳಿದ 2 ಗ್ರಾಂ ಸುಟ್ಟು ತೂಗುವ ಪರೀಕ್ಷೆಯನ್ನು ಆಮ್ಲ ಅಳೆಯುವ ದಿನವೇ ಮಾಡಿ ಅನ್ನುವುದಕ್ಕೆ ಇದೇ ಕಾರಣ. ಕಳೆದುಹೋದ ಶೇಕಡಾವಾರು ತೂಕಕ್ಕೆ ತಕ್ಕಂತೆ ಸುಣ್ಣ ಜಾಸ್ತಿ ತೆಗೆದುಕೊಳ್ಳಿ.

ಸುಣ್ಣ ಸರಿ ಇದ್ದೂ ಬೀಟಾ-ಟಿಸಿಪಿ ಬಂದರೆ ಪಿಎಚ್ ದಾಖಲೆ ನೋಡಿ, ನಡುವೆ 9ಕ್ಕಿಂತ ಕೆಳಗೆ ಹೋಗಿತ್ತಾ ಅಂತ. ಅದೂ ಸರಿ ಇದ್ದರೆ ಚಿಪ್ಪಿನ ಮೆಗ್ನೀಸಿಯಂ ಅಳೆಸಿ. ಮೆಗ್ನೀಸಿಯಂ ಬೀಟಾ-ಟಿಸಿಪಿಗೆ ಆಸರೆ ಕೊಡುತ್ತದೆ, ಕಾಯಿಸುವಾಗ ಅಪಟೈಟ್ ಆ ಕಡೆಗೆ ವಾಲುತ್ತದೆ. ಅಂದಹಾಗೆ ಬೀಟಾ-ಟಿಸಿಪಿ ವಿಷವೇನಲ್ಲ. ಎರಡೂ ಬೆರೆತ ಪುಡಿಯನ್ನು ಬೇಕೆಂದೇ ಮಾಡುವವರಿದ್ದಾರೆ, ದೇಹದಲ್ಲಿ ಬೀಟಾ-ಟಿಸಿಪಿ ಬೇಗ ಕರಗುತ್ತದೆ ಅಂತ. ಬೇಕೆಂದು ಮಾಡದೆ ಬಂದಾಗಷ್ಟೇ ಅದು ದೋಷ.

*37.4ರಲ್ಲಿ ಪೀಕ್, ಅಂದರೆ ಸುಣ್ಣ.* ಕ್ಯಾಲ್ಸಿಯಂ ಜಾಸ್ತಿ ಇದೆ. ಯಂತ್ರ ಇಲ್ಲದಿದ್ದರೂ ಇದನ್ನು ಹಿಡಿಯಬಹುದು. ಕಾಯಿಸಿದ ಪುಡಿಯನ್ನು ಒದ್ದೆ ಮಾಡಿ ಕ್ಷಾರ ಕಂಡರೆ ಗುಲಾಬಿಯಾಗುವ ಫಿನಾಫ್ತಲೀನ್ ಹನಿ ಬಿಡಿ. ಗಾಢ ಗುಲಾಬಿ ಬಣ್ಣ ಬಂದರೆ ಸುಣ್ಣ ಇದೆ. ನನಗೆ ಈ ಪರೀಕ್ಷೆಯ ಮೇಲೆ ವಿಶೇಷ ಪ್ರೀತಿ. ಇದು ಎಕ್ಸ್‌ಆರ್‌ಡಿಗೆ ಕಾಣದಷ್ಟು ಕಡಿಮೆ ಸುಣ್ಣವನ್ನೂ ತೋರಿಸಬಲ್ಲದು.

*29.4ರಲ್ಲಿ ಪೀಕ್, ಅಂದರೆ ಕ್ಯಾಲ್ಸೈಟ್.* ಸುಡದ ಚಿಪ್ಪು, ಇಲ್ಲವೇ ಬೀಕರ್ ತೆರೆದಿಟ್ಟು ಕಲಕುವಾಗ ಗಾಳಿಯಿಂದ ಬಂದ ಕಾರ್ಬನ್ ಡೈಆಕ್ಸೈಡ್. ಸುಣ್ಣದ ನೀರಿನ ಮೇಲೆ ತೆಳು ಕೆನೆ ಕಟ್ಟಿದ್ದರೆ ಎರಡನೆಯದು. ಬೀಕರ್ ಮುಚ್ಚಿಡಿ. ಎಫ್‌ಟಿಐಆರ್ (ಇನ್‌ಫ್ರಾರೆಡ್ ಬೆಳಕಿನ) ಪರೀಕ್ಷೆಯಲ್ಲಿ ಮಾತ್ರ ಪ್ರತಿ ಸೆಂಟಿಮೀಟರಿಗೆ 1420–1455 ಮತ್ತು 873 ಅಲೆಗಳ ಹತ್ತಿರ ಕಾರ್ಬೊನೇಟ್ ಕಂಡು, ಎಕ್ಸ್‌ಆರ್‌ಡಿಯಲ್ಲಿ ಕ್ಯಾಲ್ಸೈಟ್ ಇಲ್ಲದಿದ್ದರೆ ಕಾರ್ಬೊನೇಟ್ ಅಪಟೈಟಿನ ಹರಳಿನೊಳಗೇ ಕೂತಿರಬಹುದು. ನಮ್ಮ ಮೂಳೆಯ ಖನಿಜದಲ್ಲೂ ಹಾಗೇ ಇರುತ್ತದೆ. ಅದನ್ನು ತೆಗೆಯಲೇಬೇಕು ಅಂತಿಲ್ಲ.

ಲಕ್ಷಣ: ಬಿಲ್ಲೆ ಬಿರುಕು ಬಿಡುತ್ತಿದೆ

ಬಿರುಕು ಯಾವಾಗ ಬಂತು ಅನ್ನುವುದೇ ಅರ್ಧ ಉತ್ತರ.

ಅಚ್ಚಿನಿಂದ ತೆಗೆಯುವಾಗಲೇ ಪದರ ಪದರವಾಗಿ ಬಿಟ್ಟುಕೊಂಡರೆ ಒತ್ತಡ ಜಾಸ್ತಿಯಾಗಿದೆ, ಅಥವಾ ಥಟ್ಟನೆ ಬಿಟ್ಟಿದ್ದೀರಿ. ಒತ್ತಡ ಕಡಿಮೆ ಮಾಡಿ, ನಿಧಾನ ಇಳಿಸಿ, ಪುಡಿಗೆ ಸ್ವಲ್ಪ ಅಂಟು ಬೆರೆಸಿ.

ಫರ್ನೇಸಿನಿಂದ ಬಿರುಕಿನೊಂದಿಗೆ ಬಂದರೆ ಬಿಸಿ ಏರಿಸಿದ ಅಥವಾ ಇಳಿಸಿದ ವೇಗ ನೋಡಿ. ನಿಮಿಷಕ್ಕೆ 5 ಡಿಗ್ರಿ ದಾಟಬೇಡಿ, ಅಂಟು ಇದ್ದರೆ ಅದು ಉರಿದು ಹೋಗುವ ತನಕ ಇನ್ನೂ ನಿಧಾನ. ಬಿಲ್ಲೆಯಲ್ಲಿ ಬೀಟಾ-ಟಿಸಿಪಿ ಇದ್ದು, ಸುಮಾರು 1125 ಡಿಗ್ರಿ ದಾಟಿಸಿದ್ದರೆ ಕಾರಣ ಬೇರೆ. ಅಲ್ಲಿ ಅದು ಆಲ್ಫಾ ರೂಪಕ್ಕೆ ಬದಲಾಗಿ ಉಬ್ಬುತ್ತದೆ. ಸಾಂದ್ರತೆ 3.07ರಿಂದ 2.86ಕ್ಕೆ ಇಳಿಯುತ್ತದೆ. ಸುತ್ತಲಿನ ಅಪಟೈಟ್ ಕುಗ್ಗುತ್ತಿರುವಾಗ ಒಳಗೆ ಒಂದು ಭಾಗ ಉಬ್ಬಿದರೆ ಬಿರುಕು ಬಿಡದೆ ಇನ್ನೇನು? ವೇಗ ಕಡಿಮೆ ಮಾಡಿದರೆ ಇದು ಸರಿಹೋಗದು, ಅನುಪಾತ ಸರಿ ಮಾಡಬೇಕು.

ಫರ್ನೇಸಿನಿಂದ ಚೆನ್ನಾಗಿಯೇ ಬಂದು, ಕೆಲವು ದಿನದ ಮೇಲೆ ಡಬ್ಬಿಯಲ್ಲೇ ಸಿಡಿದು ಪುಡಿಯಾದರೆ ಅದು ಸುಣ್ಣದ ಕೆಲಸ. ಬಿಲ್ಲೆಯೊಳಗೆ ಉಳಿದ ಸುಣ್ಣ ಗಾಳಿಯ ತೇವ ಕುಡಿದು ಅರಳುತ್ತದೆ, ಗೋಡೆಯ ಸಂದಿಯಲ್ಲಿ ಬೇರು ದಪ್ಪವಾದ ಹಾಗೆ ಬಿಲ್ಲೆಯನ್ನು ಒಳಗಿಂದ ಸೀಳುತ್ತದೆ. ಫಿನಾಫ್ತಲೀನ್ ಹಚ್ಚಿ ಖಾತ್ರಿ ಮಾಡಿಕೊಳ್ಳಿ.

ಬಿರುಕಿಲ್ಲ, ಆದರೆ ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ ಅಂದರೆ ಬಿಸಿ ಸಾಲದು. ಸಾಮಾನ್ಯವಾಗಿ 1100–1250 ಡಿಗ್ರಿ ಬೇಕು. ಪೂರ್ತಿ ಗಟ್ಟಿಯಾದ ಹೈಡ್ರಾಕ್ಸಿಅಪಟೈಟಿನ ಸಾಂದ್ರತೆ ಘನ ಸೆಂಟಿಮೀಟರಿಗೆ 3.16 ಗ್ರಾಂ. ನಿಮ್ಮ ಬಿಲ್ಲೆಯ ತೂಕವನ್ನು ಗಾತ್ರದಿಂದ ಭಾಗಿಸಿ ಹೋಲಿಸಿ. ಹಾಗಂತ 1300 ದಾಟಿಸಬೇಡಿ, ಅಪಟೈಟೇ ಒಡೆಯಲು ಶುರುವಾಗುತ್ತದೆ.

ಲಕ್ಷಣ: ಕಾಯಿಸಿದ ಮೇಲೆ ಬಣ್ಣ ಬಂದಿದೆ

ತೆಳು ನೀಲಿ ಬಂದರೆ ಬೆಚ್ಚಬೇಡಿ. ಚಿಪ್ಪಿನಲ್ಲಿರುವ ಅತಿ ಅಲ್ಪ ಮ್ಯಾಂಗನೀಸ್, ಗಾಳಿಯಲ್ಲಿ ಕಾದಾಗ ಅಪಟೈಟಿನೊಳಗೆ ನೀಲಿ ಬಣ್ಣ ಕೊಡುತ್ತದೆ. ಹಳದಿ ಅಥವಾ ಕಂದು ಬಂದರೆ ಕಬ್ಬಿಣದ ಮೇಲೆ ಅನುಮಾನ, ಕುಟ್ಟಿದ ಉಪಕರಣ ಉಕ್ಕಿನದ್ದಾಗಿತ್ತಾ ನೋಡಿ. ಬೂದಿ ಬಣ್ಣ ಬಂದರೆ ಅಂಟು ಪೂರ್ತಿ ಉರಿದಿಲ್ಲ.

ಲಕ್ಷಣ: ಇಡೀ ಚಿಪ್ಪನ್ನು ಬದಲಾಯಿಸಲು ಹೋದರೆ ಒಳಭಾಗ ಹಾಗೇ ಉಳಿದಿದೆ

ಸುಣ್ಣ ಮಾಡದೆ, ಆಕಾರ ಕೆಡದಂತೆ ಇಡೀ ತುಂಡನ್ನೇ ಅಪಟೈಟ್ ಮಾಡುವ ದಾರಿಯೂ ಇದೆ. 1974ರಲ್ಲಿ ರಾಯ್ ಮತ್ತು ಲಿನ್ನೆಹನ್ ಹವಳದ ಮೇಲೆ ಇದನ್ನು ಮಾಡಿ ತೋರಿಸಿದರು. ಮುಚ್ಚಿದ ಪಾತ್ರೆಯಲ್ಲಿ, ಒತ್ತಡದಲ್ಲಿ, ಅಮೋನಿಯಂ ಫಾಸ್ಫೇಟ್ ದ್ರಾವಣದ ಜೊತೆ ಕಾಯಿಸುವ ವಿಧಾನ.

ತುಂಡನ್ನು ಅಡ್ಡ ಕತ್ತರಿಸಿ ಆಮ್ಲದ ಹನಿ ಬಿಡಿ. ನಡುವೆ ಗುಳ್ಳೆ ಎದ್ದರೆ ಅಲ್ಲಿ ಇನ್ನೂ ಕಾರ್ಬೊನೇಟ್ ಇದೆ. ಫಾಸ್ಫೇಟ್ ಒಳಗೆ ಇಳಿಯಲು ಸಮಯ ಬೇಕು, ದಪ್ಪ ತುಂಡಿಗೆ ದಿನಗಟ್ಟಲೆ. ಜೊತೆಗೆ ಯಾವ ಚಿಪ್ಪು ಅನ್ನುವುದೂ ಮುಖ್ಯ. ಅರಗೊನೈಟ್ ಇರುವ ಚಿಪ್ಪು ಬೇಗ ಬದಲಾಗುತ್ತದೆ, ಕ್ಯಾಲ್ಸೈಟ್ ನಿಧಾನ. ಸಿಂಪಿಯ ಚಿಪ್ಪು ಹೆಚ್ಚಿನಂಶ ಕ್ಯಾಲ್ಸೈಟ್. ಹಾಗಾಗಿ ಒಬ್ಬರಿಗೆ ಕೆಲಸ ಮಾಡಿದ ಸಮಯ ಇನ್ನೊಂದು ಚಿಪ್ಪಿಗೆ ಸಾಲದಿರಬಹುದು. ಚಿಪ್ಪನ್ನು ತೆಳುವಾಗಿ ಕತ್ತರಿಸುವುದೇ ಸುಲಭದ ಪರಿಹಾರ.

ಇಲ್ಲಿ ಅಪಾಯ ದೊಡ್ಡದು. 200 ಡಿಗ್ರಿಯಲ್ಲಿ ನೀರಿನ ಆವಿಯೊಂದೇ ವಾತಾವರಣದ 15 ಪಟ್ಟು ಒತ್ತಡ ಹಾಕುತ್ತದೆ. ಅದರ ಮೇಲೆ ಅಮೋನಿಯಾ, ಕಾರ್ಬನ್ ಡೈಆಕ್ಸೈಡ್ ಸೇರುತ್ತವೆ. ಈ ಕೆಲಸಕ್ಕೆಂದೇ ಮಾಡಿದ ಆಟೋಕ್ಲೇವ್ (ಒತ್ತಡ ತಡೆಯುವ ಮುಚ್ಚಿದ ಪಾತ್ರೆ) ಮಾತ್ರ ಬಳಸಿ, ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ತುಂಬಬೇಡಿ, ಪೂರ್ತಿ ತಣಿಯುವ ತನಕ ತೆರೆಯಬೇಡಿ. ಅಡುಗೆ ಕುಕ್ಕರಿನಲ್ಲಿ ಖಂಡಿತ ಬೇಡ. ಮುಚ್ಚಿದ ಪಾತ್ರೆಯಲ್ಲಿ ಚಿಪ್ಪು ಮತ್ತು ಆಮ್ಲ ಎರಡನ್ನೂ ಒಟ್ಟಿಗೆ ಎಂದೂ ಹಾಕಬೇಡಿ, ಅನಿಲ ತುಂಬಿ ಪಾತ್ರೆ ಸಿಡಿಯುತ್ತದೆ. ಪಾತ್ರೆಯ ಅಂಚಿನಿಂದ ಅಮೋನಿಯಾ ವಾಸನೆ ಬಂದರೆ ಬಿಸಿ ಆರಿಸಿ ದೂರ ಸರಿಯಿರಿ, ಬೋಲ್ಟ್ ಬಿಗಿ ಮಾಡಲು ಹೋಗಬೇಡಿ.

ಹವಳ, ರಾಕ್ಷಸ ಚಿಪ್ಪು (ಜೈಂಟ್ ಕ್ಲಾಮ್), ಕ್ವೀನ್ ಕಾಂಚ್ (ಒಂದು ಬಗೆಯ ದೊಡ್ಡ ಶಂಖ) ಇವೆಲ್ಲ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ತಿಂದು ಎಸೆದ ಚಿಪ್ಪುಗಳೇ ರಾಶಿ ರಾಶಿ ಸಿಗುವಾಗ ಅವುಗಳ ತಂಟೆಗೆ ಹೋಗುವ ಅಗತ್ಯವೇ ಇಲ್ಲ.

ಲಕ್ಷಣ: ಜೀವಕೋಶ ಪರೀಕ್ಷೆಯಲ್ಲಿ ಕೋಶಗಳು ಸಾಯುತ್ತಿವೆ

ಮೊದಲು ಮಾಧ್ಯಮದ, ಅಂದರೆ ಕೋಶ ಬೆಳೆಸುವ ಪೋಷಕ ದ್ರವದ, ಬಣ್ಣ ನೋಡಿ. ಪಿಎಚ್ ಬದಲಾದರೆ ಬಣ್ಣ ಬದಲಿಸುವ ಫಿನಾಲ್ ರೆಡ್ ಇರುವ ಮಾಧ್ಯಮ ಕೆಂಪಿನಿಂದ ನೇರಳೆ-ಗುಲಾಬಿಗೆ ತಿರುಗಿದರೆ ಪಿಎಚ್ ಏರಿದೆ. ಉಳಿದ ಸುಣ್ಣವೇ ಕಾರಣ, ಮತ್ತೆ ಅನುಪಾತಕ್ಕೆ ಹೋಗಿ. ಬಣ್ಣ ಬದಲಾಗದೆ ಕೋಶ ಸತ್ತರೆ ಭಾರಲೋಹ ಅಥವಾ ತೊಳೆಯದೆ ಉಳಿದ ಅಮೋನಿಯಂ ಇರಬಹುದು.

ಇಲ್ಲಿಗೆ ನಿಮ್ಮ ತಕ್ಕಡಿಯ ಕೆಲಸ ಮುಗಿಯಿತು, ಹೊರಗಿನ ಲ್ಯಾಬ್ ಬೇಕು. ಕೊಳಕು ನೀರಿನಲ್ಲಿ ಬೆಳೆದ ಚಿಪ್ಪು ಸೀಸ, ಕ್ಯಾಡ್ಮಿಯಂ ಹಿಡಿದಿಟ್ಟುಕೊಂಡಿರುತ್ತದೆ, ಸುಟ್ಟ ಮಾತ್ರಕ್ಕೆ ಅವು ಹೋಗುವುದಿಲ್ಲ. ದೇಹದೊಳಗೆ ಇಡುವ ಹೈಡ್ರಾಕ್ಸಿಅಪಟೈಟಿಗೆ ಐಎಸ್‌ಒ 13779 ಮಾನದಂಡ ಇದೆ. ಅದರ ಮಿತಿಗಳು ಕಿಲೋಗೆ ಮಿಲಿಗ್ರಾಂ ಲೆಕ್ಕದಲ್ಲಿ ಆರ್ಸೆನಿಕ್ 3, ಕ್ಯಾಡ್ಮಿಯಂ 5, ಪಾದರಸ 5, ಸೀಸ 30. ಅತಿ ಅಲ್ಪ ಲೋಹವನ್ನೂ ಅಳೆಯುವ ಐಸಿಪಿ-ಎಂಎಸ್ ಪರೀಕ್ಷೆ ಮಾಡುವ ಲ್ಯಾಬಿಗೆ ಪುಡಿಯ ಜೊತೆ ಮೂಲ ಚಿಪ್ಪಿನ ಮಾದರಿಯನ್ನೂ ಕಳಿಸಿ, ಲೋಹ ಚಿಪ್ಪಿನಿಂದ ಬಂತೋ ಉಪಕರಣದಿಂದ ಬಂತೋ ಆಗಲೇ ಗೊತ್ತಾಗುವುದು. ಈ ಮಿತಿಯೊಳಗೆ ಬಂದರೂ ಅದು ಹಲ್ಲಿಗೆ, ಮೂಳೆಗೆ, ಗಾಯಕ್ಕೆ ಹಾಕುವ ವಸ್ತು ಆಗಿಬಿಡುವುದಿಲ್ಲ. ಕ್ರಿಮಿಶುದ್ಧಿ, ಐಎಸ್‌ಒ 10993 ಸರಣಿಯ ಜೈವಿಕ ಪರೀಕ್ಷೆಗಳು, ಅನುಮತಿ ಎಲ್ಲ ಆಗುವ ತನಕ ಅದನ್ನು ಯಾರ ಮೇಲೂ, ಯಾವ ಪ್ರಾಣಿಯ ಮೇಲೂ ಪ್ರಯೋಗ ಮಾಡಬೇಡಿ.